ಬೈಸಿಕೊಳ್ಳುವ ಕಸುಬು

ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಡಬ್ಬಿಂಗ್ ಕೋಣೆಯ ಬಾಗಿಲಾಚೆ ಚಪ್ಪಲಿ ಬಿಟ್ಟು ಅಕ್ಕ ಮೈಕಿನ ಮುಂದೆ ನಿಂತಿದ್ದಾರೆ. ಕೈಬಳೆ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿದ್ದಾರೆ. ಬಳೆ ಕಿಣಿ ಎಂದರೂ ಮೈಕು ಚಾಡಿ ಹೇಳುತ್ತದೆ. ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿದಿಲ್ಲ. ಗಂಟಲಿನ ಗೊರಗೊರ ಹಾಗೇ ಇರಬೇಕು. "ಒಳ್ಳೆಯವರ ಪಾತ್ರಕ್ಕೆ ಯಾವ ಹೊತ್ತಿನ ಗಂಟಲಾದ್ರೂ ನಡೆಯುತ್ತೆ. ಕೆಟ್ಟವರಿಗೆ ನಸುಕಿನ ಹಸೀ ಗಂಟಲೇ ಆಗಬೇಕು," ಎನ್ನುತ್ತಾರೆ.

ಸ್ಟುಡಿಯೋದಲ್ಲಿ ಈಕೆಗೆ ಗಯ್ಯಾಳಿ ಅಕ್ಕ ಎಂದೇ ಹೆಸರು. ಅದಕ್ಕೇನೂ ಬೇಸರವಿಲ್ಲ. ಸೊಸೆಯ ಮುಂದಿನ ತಟ್ಟೆ ಕಿತ್ತುಕೊಂಡ ಅತ್ತೆ, ತಂಗಿಯ ಮದುವೆ ಮುರಿದ ಅಕ್ಕ, ಅನಾಥ ಮಕ್ಕಳ ಹಾಲಿಗೆ ನೀರು ಬೆರೆಸಿದ ಮೇಡಂ: ಬಾಯಿ ಯಾರದ್ದೋ, ದನಿ ಈಕೆಯದು. ಬೇರೆ ಭಾಷೆಯ ನಟಿ ತುಟಿ ಆಡಿಸಿ ಹೊರಟುಹೋಗುತ್ತಾಳೆ, ಪಾಪದ ಮಾತೆಲ್ಲ ಅಕ್ಕನ ಪಾಲಿಗೆ. ಥಿಯೇಟರಿನಲ್ಲಿ ಈ ದನಿಗೆ ಹಲ್ಲು ಕಡಿದ ಜನವೇ ಮಾರನೆಯ ದಿನ ಪಕ್ಕದಲ್ಲಿ ನಿಂತು ಟೊಮೆಟೊ ಆರಿಸುತ್ತಾರೆ. ಗುರುತೇ ಹಿಡಿಯುವುದಿಲ್ಲ.

ಇವತ್ತು ಮಾತ್ರ ಗಾಜಿನಾಚೆ ನಿರ್ದೇಶಕರು ಮುಖ ಗಂಟಿಕ್ಕಿ ಕೂತಿದ್ದಾರೆ. ಅವರ ಹೊಸ ಚಿತ್ರದಲ್ಲಿ ಒಬ್ಬ ತಾಯಿ ಪುಟ್ಟ ಮಗಳನ್ನು ಬಿಟ್ಟು ಮನೆಯಿಂದ ಹೊರಡುತ್ತಾಳೆ. ಮತ್ತೆ ಬರುವುದೇ ಇಲ್ಲ. ಹೊಸ್ತಿಲಲ್ಲಿ, ಕ್ಯಾಮೆರಾಗೆ ಬೆನ್ನು ಹಾಕಿ, ಅವಳು ಹೇಳುವುದು ಒಂದೇ ಮಾತು: "ಹೋಗ್ತೀನಿ."

ನೀವೇ ಹೇಳಿ, ಮನೆಯಿಂದ ಹೊರಡುವಾಗ ಯಾರಾದರೂ ಹಾಗನ್ನುತ್ತಾರೆಯೇ? ಬೆಂಕಿಪೊಟ್ಟಣ ತರಲು ಹೊರಟವರೂ "ಬರ್ತೀನಿ" ಎಂದೇ ಚಪ್ಪಲಿ ಮೆಟ್ಟುವುದು. ಹುಟ್ಟಿದಾಗಿನಿಂದ ಬಂದ ಆ ರೂಢಿಯೇ ಅಕ್ಕನ ನಾಲಗೆಯನ್ನು ಜಾರಿಸಿತು. ಧ್ವನಿಮುದ್ರಣದ ದಿನ "ಬರ್ತೀನಿ" ಎಂದುಬಿಟ್ಟರು. ನಟಿಯ ತುಟಿ ಕಾಣದ ಶಾಟು, ಯಾರಿಗೂ ಗೊತ್ತಾಗಲಿಲ್ಲ. ಟ್ರಯಲ್ ಶೋನಲ್ಲಿ ಕೂತು ಕೇಳಿದಾಗಲೇ ಅಕ್ಕನಿಗೂ ತಪ್ಪು ತಿಳಿದದ್ದು. ಅಷ್ಟರಲ್ಲಿ ಸುತ್ತಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಚಿತ್ರ ಇವತ್ತೇ ಇಲ್ಲಿಂದ ಹೊರಡಬೇಕು. ತಪ್ಪು ತಿದ್ದಲು ಬಿಡಿ ಎಂದು ಅಕ್ಕ ಗೋಗರೆದು ಬಂದಿದ್ದಾರೆ.

"ತಪ್ಪಾದ್ರೂ ಒಳ್ಳೇ ತಪ್ಪು ಮಾಡಿದ್ದೀರಿ ಅಕ್ಕಾ. ಬಿಟ್ಬಿಡಿ ಅದನ್ನ," ನಿರ್ದೇಶಕರ ದನಿ ಹೆಡ್‌ಫೋನಿನಲ್ಲಿ.

"ಹೋಗ್ತೀನಿ ಅಂತ ಬರ್ದಿದ್ದು ನೀವೇ ಅಲ್ವಾ ಸಾರ್?"

"ಬರೆಯೋವಾಗ ಜನ ಎದುರಿಗೆ ಇರ್ಲಿಲ್ಲ. ಅವಳನ್ನ ಕಂಡ್ರೇ ಅವರಿಗೆ ಆಗ್ತಿಲ್ಲ. ಈ ಒಂದು ಮಾತಿಗೆ ಸ್ವಲ್ಪ ಕರಗ್ತಾರೆ. ಅದನ್ನೂ ಕಿತ್ಕೊಂಡ್ರೆ ಪರದೆಗೆ ಚಪ್ಪಲಿ ಬೀಳುತ್ತೆ."

"ಬೀಳ್ಲಿ. ಬರ್ತೀನಿ ಅಂದೋಳು ಬರೋದೇ ಇಲ್ವಲ್ಲ ಸಾರ್!"

"ಹೀಗೆ ಹಠ ಹಿಡಿದ್ರೆ ಮುಂದಿನ ಚಿತ್ರಕ್ಕೆ ಬೇರೆ ದನಿ ನೋಡ್ಬೇಕಾಗುತ್ತೆ. ಈಗ್ಲೇ ಹೇಳಿದ್ದೀನಿ."

ಮುಂದಿನ ಚಿತ್ರವೆಂದರೆ ಆರಂಭದಿಂದ ಕೊನೆಯವರೆಗೆ ಒಬ್ಬ ಮುದುಕಿಯದೇ ಕಥೆ. ಯಾರನ್ನೂ ಗೋಳಾಡಿಸದ, ತನ್ನಷ್ಟಕ್ಕೆ ತಾನು ಬಾಳುವ ಮುದುಕಿ. ಅಂಥದ್ದೊಂದಕ್ಕಾಗಿ ಅಕ್ಕ ಬಾಯಿಬಿಟ್ಟುಕೊಂಡು ಕಾದಿದ್ದಾರೆ.

ಈ ಕಸುಬಿಗೆ ಬಂದಿದ್ದೂ ಒಂದು ಕಥೆ. ಗಂಡ ಸ್ಟುಡಿಯೋದಲ್ಲಿ ಲೈಟು ಹಿಡಿಯುತ್ತಿದ್ದರು. ಊಟದ ಡಬ್ಬಿ ತಂದ ಹೆಂಡತಿಯನ್ನು ಯಾರೋ ಗುಂಪಿನಲ್ಲಿ ಕಿರುಚಲು ನಿಲ್ಲಿಸಿದರು. ಆ ಕಿರುಚಾಟಕ್ಕೆ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತು ಎಸೆದರಂತೆ. ಗಂಡ ತೀರಿಕೊಂಡ ಮೇಲೆ ಆ ಕಿರುಚಾಟವೇ ಅನ್ನವಾಯಿತು. ಮನೆಯಲ್ಲೀಗ ಅಕ್ಕ, ಅವರ ಅತ್ತೆ, ಇಬ್ಬರೇ. ಸಂಜೆ ಅಕ್ಕ ಅತ್ತೆಯ ಮೇಲೆಯೇ ಡೈಲಾಗು ತಾಲೀಮು ಮಾಡುತ್ತಾರೆ. "ಸಾಯಿ ಮುದುಕಿ!" ಎಂದು ಒಮ್ಮೆ ಅಬ್ಬರಿಸಿದಾಗ ಪಕ್ಕದ ಮನೆಯಾಕೆ ಪಂಚಾಯಿತಿ ಮಾಡಲು ಓಡಿಬಂದಳು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡು, "ದಿನಾ ಇದೇ ಗೋಳು ಕಣಮ್ಮಾ," ಎಂದು ಬಿಕ್ಕಿದರು. ಆಕೆ ಅತ್ತ ತಿರುಗಿದ್ದೇ ತಡ, ಸೊಸೆಗೆ ಕಣ್ಣು ಹೊಡೆದರು.

ನಿನ್ನೆ ಸಂಜೆ ಅಕ್ಕ ಚಿತ್ರದ ಕಥೆ ಹೇಳಿ, ಬಾಗಿಲ ಕಡೆ ಮುಖ ಮಾಡಿ, "ಬರ್ತೀನಿ" ಎಂದರು.

ಅತ್ತೆ ಲೊಚಗುಟ್ಟಿದರು. "ಪಾಪ. ಯಾವಾಗ ಬರ್ತಾಳಂತೆ?"

"ಬರೋದೇ ಇಲ್ಲ ಅತ್ತೆ."

"ಥೂ! ಹಾಗಾದ್ರೆ ಮಗು ಬಾಗಿಲು ಕಾಯ್ತಾ ಕೂತಿರುತ್ತಲ್ಲೇ!"

ಅಕ್ಕ ಮತ್ತೆ ತಿರುಗಿ ನಿಂತು "ಹೋಗ್ತೀನಿ" ಎಂದರು. ಅತ್ತೆ ಆ ತಾಯಿಯ ವಂಶವನ್ನೆಲ್ಲ ಜಾಲಾಡಿ ಬೈದರು. ಬೈದು ಸುಸ್ತಾದ ಮೇಲೆ ಮೆಲ್ಲಗೆ, "ಹಾಳಾದೋಳು. ಆದ್ರೂ ಹೇಳಿ ಹೋದ್ಲು," ಎಂದರು.

ಅದೇ ಮಾತು ಕಿವಿಯಲ್ಲಿ ಇಟ್ಟುಕೊಂಡು ಅಕ್ಕ ಇವತ್ತು ನಿಂತಿರುವುದು.

ಕೆಂಪು ದೀಪ ಹತ್ತುತ್ತದೆ. ಪರದೆಯ ಮೇಲೆ ಆ ಬೆನ್ನು, ಆ ಹೊಸ್ತಿಲು. ಅಕ್ಕ ಉಸಿರು ಎಳೆದುಕೊಳ್ಳುತ್ತಾರೆ. ತುಟಿಗಳು ತಾವಾಗಿಯೇ ಮುಚ್ಚಿಕೊಂಡು "ಬ..." ಎನ್ನುತ್ತವೆ. ಹಾಳು ನಾಲಗೆ! ಚಿತ್ರ ನಿಲ್ಲುತ್ತದೆ.

"ನಿಮ್ಮ ಬಾಯಿಗೇ ಬರ್ತಿಲ್ಲ ನೋಡಿ," ನಿರ್ದೇಶಕರು ಎದ್ದು ನಿಲ್ಲುತ್ತಾರೆ.

"ಇನ್ನೊಂದೇ ಒಂದು ಸಲ ಸಾರ್."

ರೆಕಾರ್ಡಿಸ್ಟ್ ಯಾರನ್ನೂ ಕೇಳದೆ ಚಿತ್ರವನ್ನು ಹಿಂದಕ್ಕೆ ಓಡಿಸುತ್ತಾರೆ. ಕೆಂಪು ದೀಪ. ಬೆನ್ನು. ಹೊಸ್ತಿಲು.

"ಹೋಗ್ತೀನಿ."

ಬಿಕ್ಕಿಲ್ಲ, ನಡುಕವಿಲ್ಲ. ಪರದೆಯ ಮೇಲೆ ಟಾಟಾ ಮಾಡಲು ಮಗು ಎತ್ತಿದ ಕೈ ಅರ್ಧದಲ್ಲೇ ನಿಂತು ಕೆಳಗಿಳಿಯುತ್ತದೆ. ಅದೇ ಶಾಟು. ಟ್ರಯಲ್ ಶೋನಲ್ಲಿ ನಾಚಿಕೆಯಂತೆ ಕಂಡಿದ್ದ ಆ ಕೈ ಇವತ್ತು ಎಲ್ಲ ತಿಳಿದುಕೊಂಡಂತಿದೆ.

ಗಾಜಿನಾಚೆ ನಿರ್ದೇಶಕರು ಇನ್ನೊಮ್ಮೆ ಹಾಕಿಸಿ ಕೇಳುತ್ತಾರೆ. ಮುಖ ಉಜ್ಜಿಕೊಳ್ಳುತ್ತಾರೆ. "ಇದನ್ನೇ ಇಟ್ಕೋ," ಎಂದು ರೆಕಾರ್ಡಿಸ್ಟ್‌ಗೆ ಹೇಳಿ, ಮೈಕಿಗೆ ಬಾಗುತ್ತಾರೆ. "ಅವಳನ್ನ ಯಾರೂ ಕ್ಷಮಿಸಲ್ಲ ಅಕ್ಕಾ."

"ಕ್ಷಮಿಸೋದು ಬೇಡ ಸಾರ್. ಬೈಲಿ. ಬೈಸ್ಕೊಳ್ಳೋದೇ ನನ್ನ ಕಸುಬು. ಅವಳ ಮಾತು ನಂಬಿದ್ರೆ ಸಾಕು."

ಮುಂದಿನ ಚಿತ್ರದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅಕ್ಕ ಕರವಸ್ತ್ರದ ಗಂಟು ಬಿಚ್ಚಿ ಬಳೆ ಹಾಕಿಕೊಳ್ಳುತ್ತಾರೆ, ಗಟಗಟ ನೀರು ಕುಡಿಯುತ್ತಾರೆ, ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಾರೆ.

"ಬರ್ತೀನಿ."

ರೆಕಾರ್ಡಿಸ್ಟ್ ನಗುತ್ತಾರೆ. "ಯಾವಾಗಕ್ಕಾ?"

ನಿರ್ದೇಶಕರು ಪರದೆಯಿಂದ ಕಣ್ಣು ಕೀಳುವುದಿಲ್ಲ. ಅಕ್ಕ ಅವರ ಬೆನ್ನನ್ನೇ ಒಂದು ಕ್ಷಣ ನೋಡುತ್ತಾರೆ.

"ನಾನು ಬರ್ತೀನಿ ಅಂದ್ರೆ ಬರೋಳೇ ಕಣಪ್ಪಾ," ಎನ್ನುತ್ತಾರೆ. "ಕರೆಯೋದು ಅವರಿಗೆ ಬಿಟ್ಟಿದ್ದು."