ಬೊಂಬಾಯಿಂದ ಬೆಂಗಳೂರಿಗೆ ಎರಡು ಗಂಟೆ

ಸಾಗರದ ಜಟ್ಟಿಂಗಪ್ಪ ಸರ್ವೆ ಕೆಲಸದಲ್ಲಿ ಸರಪಳಿ ಎಳೆಯಲು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಅರವತ್ತಾರು ಅಡಿಯ ಕಬ್ಬಿಣದ ಸರಪಳಿ. ಎಂಬತ್ತು ಸಲ ಎಳೆದು ಹಾಸಿದರೆ ಒಂದು ಮೈಲಿ. ಹೊಸನಗರದ ಕಾಡು, ತೀರ್ಥಹಳ್ಳಿಯ ಗುಡ್ಡ ಎಲ್ಲವನ್ನೂ ಹೀಗೇ ಅಳೆದಿದ್ದ. ಪೊದೆ ಕಡಿದು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಿತ್ತೊಗೆದು, ದಿನಕ್ಕೆ ಅರ್ಧ ಮೈಲಿ ಸಾಗಿದರೆ ಅದೇ ದೊಡ್ಡದು.

ಅರವತ್ತಮೂರರ ಬೇಸಿಗೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯ ಗಡಿ ಗುರುತಿಸುತ್ತಿದ್ದಾಗ ಥಿಯೋಡಲೈಟ್ ಕೆಟ್ಟಿತು. ಕೋನ ಅಳೆಯುವ ಆ ನಾಜೂಕು ಯಂತ್ರದ ರಿಪೇರಿ ಬೊಂಬಾಯಿಯಲ್ಲೇ ಆಗಬೇಕು. ಇಂಜಿನಿಯರ್ ಚಂದ್ರಯ್ಯನವರು ನಂಬಿಕೆಯ ಮನುಷ್ಯನೆಂದು ಜಟ್ಟಿಂಗಪ್ಪನನ್ನು ರೈಲು ಹತ್ತಿಸಿದರು. ರಿಪೇರಿ ಮುಗಿಯುವಷ್ಟರಲ್ಲಿ ಮೇ ತಿಂಗಳೇ ಮುಗಿಯುತ್ತ ಬಂತು. ಆಗ ಚಂದ್ರಯ್ಯನವರ ತಂತಿ ಬಂತು: ಮಳೆ ಹತ್ತಿರವಾಯಿತು, ಬೆಂಗಳೂರಿನವರೆಗೆ ವಿಮಾನದಲ್ಲಿ ಬಾ.

ಜಟ್ಟಿಂಗಪ್ಪ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಪ್ಪಿಕೊಂಡು ವಿಮಾನದ ಕಿಟಕಿಯ ಪಕ್ಕ ಕೂತ. ನೆಲ ಕಾಲ ಕೆಳಗಿಂದ ಜಾರಿದಾಗ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಸ್ವಲ್ಪ ಹೊತ್ತಿಗೆ ಪೈಲಟ್ ಬರೆದು ಕಳಿಸಿದ ಚೀಟಿಯೊಂದು ಕೈಯಿಂದ ಕೈಗೆ ಬಂತು. ಪಕ್ಕದಲ್ಲಿದ್ದ ಬೆಂಗಳೂರಿನ ಮೇಷ್ಟ್ರು ಗೋಪಾಲಪ್ಪ ಆಗಲೇ ಅವನ ಕೆಲಸ, ಪೆಟ್ಟಿಗೆಯ ವಿಷಯ ಎಲ್ಲ ವಿಚಾರಿಸಿಕೊಂಡಿದ್ದರು. ಅವರು ಅದನ್ನು ಓದಿ ಹೇಳಿದರು.

"ದೂರ ಐನೂರಿಪ್ಪತ್ತು ಮೈಲಿ. ಎರಡು ಗಂಟೆ ಹಿಡಿಯುತ್ತೆ."

ಜಟ್ಟಿಂಗಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ನಲವತ್ತೊಂದು ಸಾವಿರದ ಆರುನೂರು ಸರಪಳಿ. ಮಳೆಗಾಲ ಬಿಟ್ಟು ಎಳೆದರೆ ನಾಲ್ಕು ವರ್ಷ ದಾಟುತ್ತದೆ. ಕೆಳಗೆ ಘಟ್ಟ ಹಸಿರು ಕಂಬಳಿಯಂತೆ ಮುದುರಿ ಬಿದ್ದಿತ್ತು. ಒಂದಿಡೀ ಕಣಿವೆ, ಅವನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಹಿಂದೆ ಸರಿಯಿತು.

"ಮೇಷ್ಟ್ರೇ, ಆಕಾಶದಾಗೆ ಸರಪಳಿ ಹಾಸಕ್ಕಾಗಲ್ಲ. ಇಷ್ಟೇ ಮೈಲಿ ಅಂತ ಹೆಂಗೆ ಗೊತ್ತಾತು?"

"ನಕಾಶೆಯಿಂದ. ಎರಡು ಊರಿನ ನಡುವೆ ನೇರ ಗೆರೆ ಎಳೀತಾರೆ."

"ನಕಾಶೆ ಹೆಂಗಾತು?"

ಮೇಷ್ಟ್ರು ಪೆಟ್ಟಿಗೆಯ ಕಡೆ ನೋಡಿದರು. "ನಿಮ್ಮಂಥವರು ಅಳೆದದ್ದರಿಂದ. ನೂರೈವತ್ತು ವರ್ಷದ ಹಿಂದೆ, ಸರಪಳಿ ಹಿಡಿದು, ಇಂಥದೇ ಯಂತ್ರ ಹೊತ್ತು ಊರೂರು ನಡೆದರಂತೆ."

ಜಟ್ಟಿಂಗಪ್ಪ ಮತ್ತೆ ಕೆಳಗೆ ನೋಡಿದ. ಯಾರೋ ಜ್ವರದಲ್ಲಿ ನಡುಗುತ್ತ ಈ ಕಣಿವೆ ಇಳಿದಿರಬೇಕು. ಅವರ ಹೆಸರು ಯಾರಿಗೂ ತಿಳಿಯದು. ವಿಮಾನ ಇಳಿಯುವವರೆಗೂ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಬೆಂಗಳೂರಿನಿಂದ ರೈಲು, ಬಸ್ಸು ಹಿಡಿದು ಕ್ಯಾಂಪು ಮುಟ್ಟಲು ಒಂದು ದಿನವೇ ಬೇಕಾಯಿತು. ಚಂದ್ರಯ್ಯನವರು ಯಂತ್ರ ನಿಲ್ಲಿಸಿ ನೋಡಿ, "ಕೂದಲೆಳೆಯಷ್ಟೂ ಅಲುಗಿಲ್ಲ ಕಣಯ್ಯಾ" ಎಂದರು. ಮೊದಲ ಮಳೆಗೆ ಎರಡು ದಿನ ಮೊದಲು ಗಡಿಯ ಕಲ್ಲು ನೆಟ್ಟು ಮುಗಿಯಿತು.

ಮನೆಯಲ್ಲಿ ಹೆಂಡತಿ ಕನ್ನಮ್ಮ, "ಮೇಲಿಂದ ಏನ್ ಕಂಡ್ತು?" ಎಂದು ಕೇಳಿದಳು. ಕೆಲಸದ ಮಾತನ್ನು ಎಂದೂ ಮನೆಗೆ ತಾರದ ಜಟ್ಟಿಂಗಪ್ಪ ಅಂದು ಮೊದಲಿಂದ ಹೇಳತೊಡಗಿದ. ಕನ್ನಮ್ಮ ಬಡಿಸುತ್ತಿದ್ದ ಸೌಟು ಕೆಳಗಿಟ್ಟು ಎದುರಿಗೆ ಕೂತಳು.