ಮಾಸ್ತರರ ದನಿಯಲ್ಲಿ ಮೇಲ್ ನಿಲ್ಲಿಸಿದ್ದು

ಆ ಕಾಲಕ್ಕೆ ನನ್ನ ಗಂಟಲಿನಲ್ಲಿ ಅರ್ಧ ಗೋಕಾಕ ತಾಲೂಕು ಬಾಡಿಗೆಗಿತ್ತು. ಮೂಡಲಗಿಯ ನಮ್ಮ ಓಣಿಯ ಮುದುಕಿಯರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವವರು, ಸಾಲೆಯ ಹೆಡ್ ಮಾಸ್ತರರು, ಮೂಗಿನಲ್ಲೇ ಮಂತ್ರ ಹೇಳುವ ಅಯ್ಯನವರು, ಎಲ್ಲರೂ ಅಲ್ಲಿ ಸಂಸಾರ ಹೂಡಿದ್ದರು. ನನ್ನ ಸ್ವಂತ ದನಿಗೆ ಮೂಲೆಯಲ್ಲಿ ಒಂದಿಷ್ಟು ಜಾಗವಿತ್ತು. ಅದಾದರೂ ಕೇಳುವಂಥದ್ದಲ್ಲ, ಎಣ್ಣೆ ಕಾಣದ ಗಾಲಿಯ ಹಾಗೆ ಕಿರುಗುಟ್ಟುತ್ತದೆ. ನೋಡುವುದಕ್ಕೂ ನಾನು ಒಣಗಿದ ಜೋಳದ ದಂಟಿಗೆ ಟೋಪಿ ಹಾಕಿದ ಹಾಗಿದ್ದೇನೆ. ಬೇರೆಯವರ ವೇಷ ತೊಡದೆ ನನಗೆ ಗತಿ ಇರಲಿಲ್ಲ.

"ಈ ಬಾಯಿ ನಿನ್ನ ಹೊಟ್ಟಿ ತುಂಬಸೂದಿಲ್ಲೋ ತಮ್ಮಾ," ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು. ನಾನು ಅದನ್ನೇ ಅವಳ ದನಿಯಲ್ಲಿ ಅವಳಿಗೆ ತಿರುಗಿ ಹೇಳುತ್ತಿದ್ದೆ. ಅವಳು ಲಟ್ಟಣಿಗೆ ಎತ್ತುತ್ತಿದ್ದಳು.

ಹೊಟ್ಟೆ ತುಂಬಿಸಿದ್ದು ರೈಲು. ಲಡಾಯಿ ನಡೆದಿದ್ದ ಕಾಲ. ರೈಲ್ವೆಗೆ ಆಳುಗಳು ಬೇಕಾಗಿದ್ದವು. ಗೋಕಾಕಕ್ಕೂ ಹುಕ್ಕೇರಿಗೂ ನಡುವಿನ ಒಂದು ಸಣ್ಣ ಸ್ಟೇಶನ್ನಿನಲ್ಲಿ ನನ್ನನ್ನು ಪಾರ್ಸಲ್ ಬಾಬು ಮಾಡಿದರು. ಅಲ್ಲಿ ಇದ್ದವರು ಮೂವರೇ: ಸ್ಟೇಶನ್ ಮಾಸ್ತರರು, ಮುದುಕ ಹಮಾಲ ಕಾಕಾ, ಮತ್ತು ನಾನು. ಪ್ಯಾಸೆಂಜರ್ ಗಾಡಿ ನಿಲ್ಲುತ್ತಿತ್ತು. ದೊಡ್ಡ ಊರುಗಳಲ್ಲಷ್ಟೇ ನಿಲ್ಲುವ ಮೇಲ್ ಗಾಡಿ ಮಾತ್ರ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಧೂಳು ಎರಚಿ ಹೋಗುತ್ತಿತ್ತು.

ನಾನು ಹೋದ ಎಂಟು ದಿನಕ್ಕೆ ಮಾಸ್ತರರು ನನ್ನ ಗಂಟಲಿಗೆ ಬಂದು ಸೇರಿದರು. ಅವರು ಸಾಂಗಲಿಯ ಕಡೆಯವರು. ಮಾತಾಡುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡು "ಹಾಂ, ಐಕಾ" ಎಂದು, ಅಂದರೆ 'ಕೇಳು' ಎಂದು, ಮರಾಠಿಯಲ್ಲಿ ಶುರುಮಾಡುವರು, ಆಮೇಲೆ ಕನ್ನಡಕ್ಕೆ ಇಳಿಯುವರು. ಯಾರು ಏನೇ ಕೇಳಲಿ, ಕೊನೆಯ ಮಾತು ಒಂದೇ: "ಮ್ಯಾಲಿನವ್ರನ್ನ ಕೇಳಿ ಹೇಳ್ತೇನಿ." ಬಾವಿಯ ಹಗ್ಗ ಹರಿದರೂ ಮೇಲಿನವರನ್ನು ಕೇಳಬೇಕು. ಕಟ್ಟೆಯ ಮೇಲೆ ನಾಯಿ ಮರಿ ಹಾಕಿದಾಗಲೂ ಕೇಳಿಯೇ ಹೇಳುವುದಾಗಿ ಹೇಳಿದ್ದರು. ಅವರು ಊಟಕ್ಕೆ ಹೋದಾಗ ನಾನು ಹಮಾಲ ಕಾಕಾನ ಮುಂದೆ ಈ ಆಟ ಹೂಡುತ್ತಿದ್ದೆ. ಹೊಟ್ಟೆ ಮುಂದೆ ಮಾಡಿ, ಎರಡು ಸಲ ಕೆಮ್ಮಿ, "ಹಾಂ, ಐಕಾ. ನಿನ್ನ ಹೆಂಡ್ತಿ ಹಡದಾಳೇನು? ಗಂಡೋ ಹೆಣ್ಣೋ ಮ್ಯಾಲಿನವ್ರನ್ನ ಕೇಳಿ ಹೇಳ್ತೇನಿ" ಎನ್ನುತ್ತಿದ್ದೆ. ಕಾಕಾ ನಕ್ಕು ನಕ್ಕು ಕೈಯಲ್ಲಿದ್ದ ಹಸಿರು ನಿಶಾನೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಒಂದು ಸಂಜೆ ಮಾಸ್ತರರು ಬಾಗಿಲಲ್ಲಿ ನಿಂತು ಇಡೀ ಆಟ ನೋಡಿದರು. ಅಂದು ಅವರು ನನಗೆ ಬೈದದ್ದು ಮೇಲಿನವರನ್ನು ಕೇಳದೆ. ಮಾಗಿಯ ಥಂಡಿ ಗಾಳಿ ಬೀಸುತ್ತಿತ್ತು, ಅವರು ಬಯಲಿನಲ್ಲಿ ನಿಂತು ಕೂಗಾಡಿದರು. ಮರುದಿನ ಬೆಳಿಗ್ಗೆ ನೋಡಿದರೆ ಗಂಟಲು ಪೂರಾ ಕಟ್ಟಿಹೋಗಿತ್ತು. ಬಾಯಿ ತೆರೆದರೆ ಊದುಗೊಳವೆಯಿಂದ ಬಂದಂತೆ ಬರೀ ಗಾಳಿ. ಗಾಡಿಗಳ ಕೆಲಸಕ್ಕೆ ಗಂಟೆ ಇತ್ತು, ತಾರಿನ ಯಂತ್ರದ ಕಟ್ಟು-ಕಡ ಬಡಿತ ಇತ್ತು, ಹಾಗಾಗಿ ಹೇಗೋ ನಡೆಸಿದರು. ನನ್ನತ್ತ ನೋಡಿದಾಗಲೆಲ್ಲ ತಮ್ಮ ಗಂಟಲು ತೋರಿಸಿ, ಆಮೇಲೆ ನನ್ನನ್ನು ತೋರಿಸುತ್ತಿದ್ದರು. ಗುನ್ನೆ ಯಾರದೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅದೇ ದಿನ ಮಧ್ಯಾಹ್ನ, ಪ್ಯಾಸೆಂಜರ್ ಹೋಗಿ ಬಹಳ ಹೊತ್ತಾದ ಮೇಲೆ, ಹಿಡಕಲ್ಲಿನ ಹಾದಿಯಿಂದ ಒಂದು ಚಕ್ಕಡಿ ಬಂತು. ಎತ್ತುಗಳ ಬಾಯಲ್ಲಿ ನೊರೆ. ಹೊಡೆಯುತ್ತಿದ್ದವನ ತಲೆಯ ಮೇಲೆ ರುಮಾಲಿರಲಿಲ್ಲ. ಅದು ಚಕ್ಕಡಿಯಲ್ಲಿ ಮಲಗಿದ್ದ ಅವನ ಹೆಂಡತಿಯ ತೋಳಿಗೆ ಬಿಗಿಯಾಗಿ ಸುತ್ತಿತ್ತು. ಬಿಳಿಯ ರುಮಾಲು ಕೆಂಪಾಗಿ, ಕೆಂಪು ಆಮೇಲೆ ಕಪ್ಪಾಗಿತ್ತು.

ಅವರ ಹೊಲದಲ್ಲಿ ಬೆಲ್ಲದ ಕೆಲಸ ನಡೆದಿತ್ತು. ಗಂಡ ಗಾಣದ ಎತ್ತು ಹೊಡೆಯುತ್ತಿದ್ದ, ಹೆಂಡತಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಳು. ಕಬ್ಬಿನ ಜೊತೆ ಕೈಯೂ ಒಳಗೆ ಹೋಯಿತು. ಹುಕ್ಕೇರಿಯ ಡಾಕ್ಟರರು ಕಟ್ಟು ಕಟ್ಟಿ, "ಇದು ನನ್ನಿಂದ ಆಗೂದಲ್ಲ, ಮಿರಜದ ದೊಡ್ಡ ದವಾಖಾನಿಗೆ ಒಯ್ಯಿರಿ, ಇವತ್ತ ಒಯ್ಯಿರಿ" ಎಂದಿದ್ದರು. ಲಡಾಯಿಯಿಂದ ಪೆಟ್ರೋಲ್ ಸಿಗದೆ ಸರ್ವಿಸ್ ಮೋಟಾರು ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ದಿನಗಳವು. ಅಂದು ಅದು ಹೊಗೆ ಮಾತ್ರ ಬಿಟ್ಟಿತ್ತು, ಓಡಿರಲಿಲ್ಲ. ಅದಕ್ಕೆ ಚಕ್ಕಡಿ.

"ರೈಲ ಯಾವಾಗ ಐತ್ರಿ?" ಎಂದ ಗಂಡ.

"ನಾಳಿ ಮುಂಜಾನಿ," ಎಂದೆ.

"ಈಗ ಯಾವ್ದೂ ಇಲ್ಲೇನ್ರಿ?"

"ಮೇಲ್ ಐತಿ. ಅದು ಇಲ್ಲಿ ನಿಲ್ಲೂದಿಲ್ಲ."

"ನಿಲ್ಲಸ್ರಿ ಮತ್ತ. ನಾ ಹಳಿ ಮ್ಯಾಲ ನಿಂತ ಕೈ ಮಾಡ್ತೇನಿ."

ಚಕ್ಕಡಿಯೊಳಗಿನಿಂದ ಸಣ್ಣ ದನಿ ಬಂತು. ಆ ಹೆಣ್ಣುಮಗಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು: "ಎತ್ತ ನಿಲ್ಲಸಾಕ ಬರ್ಲಿಲ್ಲ ನಿನಗ. ರೈಲ ನಿಲ್ಲಸ್ತಾನಂತ."

ಗಂಡ ಮುಖ ಆ ಕಡೆ ಮಾಡಿದ. ನಾನು ಎಂಥ ಹೊತ್ತಿನಲ್ಲೂ ನಗುವವನು. ಆಗ ನಗು ಬರಲಿಲ್ಲ.

ಹಮಾಲ ಕಾಕಾ ಅವಳನ್ನು ಎತ್ತಿ ತಂದು ಆಫೀಸಿನೊಳಗಿನ ಉದ್ದನೆಯ ಮರದ ಬಾಕಿನ ಮೇಲೆ ಮಲಗಿಸಿದ. ಮಾಸ್ತರರು ರುಮಾಲು ನೋಡಿದರು, ಗಡಿಯಾರ ನೋಡಿದರು. ಮೇಲ್ ಬೆಳಗಾವಿ ಬಿಟ್ಟಾಗಿತ್ತು. ಅದನ್ನು ನಮ್ಮಲ್ಲಿ ನಿಲ್ಲಿಸುವ ಅಧಿಕಾರ ಕಂಟ್ರೋಲ್ ಸಾಹೇಬರಿಗೆ ಮಾತ್ರ ಇತ್ತು. ಅವರು ದೂರದ ಒಂದು ಕೋಣೆಯಲ್ಲಿ ಕುಳಿತು ಫೋನಿನಲ್ಲೇ ಎಲ್ಲ ಗಾಡಿಗಳನ್ನು ಆಡಿಸುವವರು. ನಾವು ಅವರ ಮುಖ ಕಂಡವರಲ್ಲ. ತಾರು ಬಡಿದರೆ ಅದು ಹೋಗಿ, ಯಾರೋ ಅದನ್ನು ಸಾಹೇಬರಿಗೆ ಮುಟ್ಟಿಸಿ, ಉತ್ತರ ಬರುವಷ್ಟರಲ್ಲಿ ಮೇಲ್ ಮಿರಜ ಸೇರಿರುತ್ತಿತ್ತು. ಗೋಡೆಗೆ ಬಿಗಿದ ಆ ಮರದ ಪೆಟ್ಟಿಗೆಯ ಫೋನೊಂದೇ ದಾರಿ. ಅದರಲ್ಲಿ ಮಾತಾಡುವ ಹಕ್ಕು ಮಾಸ್ತರರದು, ಮಾಸ್ತರರಿಗೆ ದನಿ ಇಲ್ಲ.

ಅವರು ನನ್ನತ್ತ ನೋಡಿ ಫೋನಿನ ಕಡೆ ಬೆರಳು ಮಾಡಿದರು. ನಾನು ನನ್ನ ಎಣ್ಣೆ ಕಾಣದ ದನಿಯಲ್ಲೇ ಶುರುಮಾಡಿದೆ.

"ಯಾರು?" ಎಂದರು ಸಾಹೇಬರು.

"ಪಾರ್ಸಲ್ ಕ್ಲಾರ್ಕ್ ರೀ ಸರ್. ಒಬ್ಬ ಹೆಣ್ಣಮಗಳ ಕೈ ಗಾಣದಾಗ ಸಿಕ್ಕೈತ್ರಿ. ಮಿರಜಕ್ಕ ಒಯ್ಯಬೇಕು. ಮೇಲ್ ಒಂದೀಟ ನಿಲ್ಲಿಸಿದ್ರ..."

"ಮೇಲ್ ಹಿಂದ ಮಿಲಿಟರಿ ಸ್ಪೆಶಲ್ ಬರಾಕತ್ತೈತಿ. ಪಾರ್ಸಲ್ ಬಾಬು ಹೇಳ್ದಾಗ ನಿಲ್ಲಾಕ ಅದೇನ ಚಕ್ಕಡಿ ಅಲ್ಲ. ಮಾಸ್ತರನ್ನ ಕರಿ."

ಮಾಸ್ತರರು ಫೋನು ಕಸಿದುಕೊಂಡರು. ಕುತ್ತಿಗೆಯ ನರ ಉಬ್ಬಿ ಬಂದವು, ಮುಖ ಕೆಂಪಾಯಿತು, ಹೊರಟದ್ದು ಮಾತ್ರ ಗಾಳಿ. ಆ ಕಡೆಯಿಂದ, "ಹಲೋ, ಲೈನಿನ್ಯಾಗ ಬರೇ ಗಾಳಿ ಬರಾಕತ್ತೈತಿ. ಮಾಸ್ತರ ಎಲ್ಲಿ?" ಎನ್ನುವುದು ನನಗೂ ಕೇಳಿಸಿತು.

ಅವರು ಫೋನಿನ ಬಾಯಿಗೆ ಅಂಗೈ ಮುಚ್ಚಿದರು. ಬಾಕಿನ ಮೇಲಿದ್ದವಳನ್ನು ನೋಡಿದರು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು.

"ಮಾಡು."

"ಏನ್ ಮಾಡ್ಲಿರಿ?"

"ನನ್ನ ಮಾಡು. ನಿನ್ನಿ ಮಾಡಿದ್ಯಲ್ಲ, ಹಂಗ."

ಮಾಸ್ತರರ ದನಿ ಕದ್ದು ಮೇಲ್ ನಿಲ್ಲಿಸಿದ ವಿಷಯ ಹೊರಬಿದ್ದರೆ ನನಗೆ ಮೂಡಲಗಿಯ ಲಟ್ಟಣಿಗೆಯೇ ಗತಿಯಾಗುತ್ತಿತ್ತು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು, ಅವರು ಕಳಕೊಳ್ಳುವುದು ನನ್ನದಕ್ಕಿಂತ ದೊಡ್ಡದಿತ್ತು. ಅದನ್ನೆಲ್ಲ ಆಡುವ ಹೊತ್ತು ಅದಾಗಿರಲಿಲ್ಲ. ನಾನು ಫೋನು ಹಿಡಿದೆ. ಹೊಟ್ಟೆ ತಾನಾಗಿ ಮುಂದೆ ಬಂತು. ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ಹಾಂ, ಐಕಾ."

"ಬಂದ್ರಿ? ಏನ್ರಿ ಮಾಸ್ತರ, ಇವತ್ತ ದನಿ ಖಡಕ್ ಐತಲ್ಲ," ಎಂದರು ಸಾಹೇಬರು.

ಮಾಸ್ತರರು ನನ್ನ ತೋಳು ಚಿವುಟಿದರು. ಹಮಾಲ ಕಾಕಾನನ್ನು ನಗಿಸಲು ನಾನು ಸ್ವಲ್ಪ ಉಪ್ಪು-ಖಾರ ಹೆಚ್ಚೇ ಹಾಕುತ್ತಿದ್ದೆ, ಅದೇ ರೂಢಿಯಾಗಿಬಿಟ್ಟಿತ್ತು. ಇಳಿಸಿ ಮಾತಾಡಿದೆ. ಮಾಸ್ತರರು ಒಂದು ಕಿವಿಗೆ ಪಿಸುಗುಟ್ಟುವುದು, ಅದನ್ನು ನಾನು ಅವರ ದನಿಯಲ್ಲಿ ಮುಂದಕ್ಕೆ ಕೊಡುವುದು, ಹೀಗೆ ನಡೆಯಿತು. ಹೆಣ್ಣುಮಗಳ ಸ್ಥಿತಿ ಹೀಗಿದೆ. ಡಾಕ್ಟರರು ಹೀಗೆ ಹೇಳಿದ್ದಾರೆ. ಹತ್ತಿಸಲು ನಾಲ್ಕು ಆಳು ತಯಾರಿದ್ದಾರೆ. ನಾಲ್ವರಲ್ಲಿ ನಾನೂ ಒಬ್ಬ, ಮಾಸ್ತರರೂ ಒಬ್ಬರು ಎಂಬುದನ್ನು ಹೇಳಲಿಲ್ಲ.

ಸಾಹೇಬರು ಕೇಳಿದರು:

"ಮಾಸ್ತರ, ಮೇಲ್ ತಡ ಆದ್ರ ಸ್ಪೆಶಲ್ ತಡ ಆಗ್ತೈತಿ. ನಾಳಿ ಮ್ಯಾಲಿನವ್ರು ನನ್ನ ಕೇಳ್ತಾರ. ನಾ ನಿಮ್ಮ ಹೆಸರ ಹೇಳಾಂವ. ಜವಾಬ್ದಾರಿ ನಿಮ್ಮದೇನು?"

ಈ ಪ್ರಶ್ನೆಗೆ ನನ್ನ ಆಟದಲ್ಲಿ ಒಂದೇ ಉತ್ತರವಿತ್ತು. ಅದೇ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರೆ ಮುಗಿಯಿತು, ಮೇಲ್ ಧೂಳು ಎರಚಿ ಹೋಗುತ್ತದೆ. ನಾನು ಮಾಸ್ತರರತ್ತ ತಿರುಗಿದೆ. ಅವರು ಪಿಸುಗುಟ್ಟಲಿಲ್ಲ. ತಲೆಯ ಮೇಲಿನ ರೈಲ್ವೆ ಟೋಪಿ ಸರಿಮಾಡಿಕೊಂಡು, ಬಲಗೈಯನ್ನು ತಮ್ಮ ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡರು, ತಲೆಯಾಡಿಸಿದರು.

ಅವರು ಯಾವತ್ತೂ ಆಡದ ಮಾತನ್ನು ಅವರ ದನಿಯಲ್ಲಿ ಆಡಬೇಕಾಗಿತ್ತು. ಅದರ ಏರಿಳಿತ ನಾನು ಕೇಳಿದವನಲ್ಲ. ಕೆಮ್ಮಬೇಕೋ, ಮರಾಠಿ ಹಚ್ಚಬೇಕೋ ತಿಳಿಯಲಿಲ್ಲ. ಅವರ ಕೈ ಎದೆಯ ಮೇಲೆ ಹೇಗಿತ್ತೋ ಹಾಗೆಯೇ ಹೇಳಿದೆ.

"ಹೌದ್ರಿ. ನನ್ನ ಜವಾಬ್ದಾರಿ."

ಆ ಕಂಟ್ರೋಲ್ ಲೈನಿನ ಒಂದು ಗುಣವೆಂದರೆ, ಆ ದಾರಿಯ ಎಲ್ಲ ಸ್ಟೇಶನ್ನುಗಳೂ ಒಂದೇ ತಂತಿಗೆ ಸೇರಿರುತ್ತಿದ್ದವು. ಒಬ್ಬರು ಮಾತಾಡಿದರೆ ಉಳಿದವರು ಕಿವಿಗೊಟ್ಟು ಕೇಳಬಹುದಿತ್ತು, ಬೇಸರದ ಮಧ್ಯಾಹ್ನಗಳಲ್ಲಿ ಕೇಳುತ್ತಲೂ ಇದ್ದರು. ಸಾಹೇಬರು ಬಾಯಿ ತೆರೆಯುವ ಮೊದಲೇ ಮುಂದಿನ ಸ್ಟೇಶನ್ನಿನ ಮಾಸ್ತರರ ದನಿ ನಡುವೆ ಬಂತು: "ಸರ್, ನನ್ನ ಕಡೆ ಲೈನ್ ಖಾಲಿ ಐತ್ರಿ. ಮೇಲ್ ಅಲ್ಲಿಂದ ಬಿಟ್ಟ ಕೂಡ್ಲೆ ನಾ ಓಡಸ್ತೇನಿ." ಅದರ ಆಚೆಯವರು, "ನಂದೂ ಖಾಲಿ ಐತ್ರಿ," ಎಂದರು. ಇನ್ನೊಬ್ಬರು ಮಿರಜದ ಸ್ಟೇಶನ್ನಿಗೆ ಹೇಳಿ ಟಾಂಗಾ ನಿಲ್ಲಿಸುತ್ತೇನೆ, ದವಾಖಾನೆಗೆ ಆಳು ಓಡಿಸುತ್ತೇನೆ ಎಂದರು. ಯಾರೂ ಅವರನ್ನು ಕರೆದಿರಲಿಲ್ಲ.

"ಆತು," ಎಂದರು ಸಾಹೇಬರು. "ನಿಲ್ಲಸ್ರಿ. ಲಗೂ ಹತ್ತಸ್ರಿ."

ಹಮಾಲ ಕಾಕಾ ಸಿಗ್ನಲ್ಲಿನ ಕಡೆ ಓಡಿದ್ದನ್ನು ನೋಡಬೇಕಿತ್ತು. ಪಾರ್ಸಲ್ ಹೊರುವಾಗ ಅವನಿಗೆ ಬರುತ್ತಿದ್ದ ಸೊಂಟನೋವು ಅಂದು ಎಲ್ಲಿ ಹೋಗಿತ್ತೋ. ಮೇಲ್ ಬಂತು, ಕೂಗಿತು, ನಮ್ಮ ಸಣ್ಣ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಕಿಟಕಿಗಳಿಂದ ದೊಡ್ಡ ಊರಿನ ಮಂದಿ ಇಣುಕಿ ಇದು ಯಾವ ಊರು ಎಂದು ಕೇಳಿದರು. ಬಾಕನ್ನೇ ಹೊತ್ತು ನಾವು ನಾಲ್ವರು ಗಾರ್ಡನ ಡಬ್ಬಿಗೆ ಓಡಿದೆವು, ಅವಳ ಗಂಡ, ಕಾಕಾ, ಮಾಸ್ತರರು, ನಾನು. ನನ್ನ ಮೂಲೆ ಎಲ್ಲಕ್ಕಿಂತ ಕೆಳಗಿತ್ತು. ಗಂಡ ಅವಳ ಜೊತೆ ಹತ್ತಿದ. ಚಕ್ಕಡಿ, ಎತ್ತು ಎರಡನ್ನೂ ಮರೆತೇಬಿಟ್ಟಿದ್ದ. ಆ ಎತ್ತುಗಳಿಗೆ ಮಾಸ್ತರರೇ ನೀರು ಕುಡಿಸಿದರು.

ಸಂಜೆ ಮಿರಜದಿಂದ ತಾರು ಕಟ್ಟು-ಕಡ ಎಂದಿತು. ದವಾಖಾನೆ ಮುಟ್ಟಿದಳು, ಜೀವ ಇದೆ.

ಮಾಸ್ತರರು ಚಹಾ ಮಾಡಿಸಿದರು. ಮೊದಲ ಕಪ್ಪು ನನಗೆ ಕೊಟ್ಟು, ಕಿವಿಯ ಹತ್ತಿರ ಬಂದು ಕೇಳಿದರು: "ನಾ ಖರೇನ ಅಷ್ಟ ಕೆಮ್ಮತೇನೇನೋ?"

"ಇನ್ನೂ ಜಾಸ್ತಿ ರೀ. ಸಾಹೇಬ್ರ ಮುಂದ ನಾ ಕಡಿಮಿ ಮಾಡೇನಿ."

ಎರಡು ದಿನಕ್ಕೆ ಅವರ ದನಿ ತಿರುಗಿ ಬಂತು, ಬೈಗುಳವೂ ಬಂತು. ಮೇಲಿನವರು ತಡದ ಬಗ್ಗೆ ಏನೂ ಕೇಳಲಿಲ್ಲ; ಆ ತಡವನ್ನು ಮುಂದಿನ ಮಾಸ್ತರರು ಸೇರಿ ದಾರಿಯಲ್ಲೇ ನುಂಗಿಬಿಟ್ಟಿದ್ದರು. ಮುಂದೊಂದು ದಿನ ಅವರಲ್ಲೊಬ್ಬರು ನಮ್ಮ ಸ್ಟೇಶನ್ನಿಗೆ ಬಂದಾಗ ನನ್ನ ಬೆನ್ನು ತಟ್ಟಿ, "ನಿಮ್ಮ ಮಾಸ್ತರ ಗಂಟಲ ಬಿದ್ದಿದ್ದು ಅವತ್ತ ಮುಂಜಾನಿನ ತಾರಿನ್ಯಾಗ ನಮಗೆಲ್ಲ ಗೊತ್ತಾಗಿತ್ತು ತಮ್ಮಾ. ಛಲೋ ಮಾಡ್ದಿ," ಎಂದರು. ಅಂದರೆ ಅಂದು ತಂತಿಯ ತುಂಬ ಮಂದಿ ಕುಳಿತು ನನ್ನ ಆಟ ನೋಡಿದ್ದರು, ಒಬ್ಬರೂ ನಕ್ಕಿರಲಿಲ್ಲ. ಅಷ್ಟು ದೊಡ್ಡ ಸಭೆ ನನಗೆ ಮತ್ತೆ ಸಿಕ್ಕಿಲ್ಲ.

ಬೆಲ್ಲದ ಕೆಲಸ ಮುಗಿಯುವ ಹೊತ್ತಿಗೆ ಅವಳು ಮಿರಜದ ಪ್ಯಾಸೆಂಜರಿನಿಂದ ಇಳಿದಳು, ತನ್ನ ಕಾಲಿನ ಮೇಲೆ. ಬಲಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದ್ದೂ ಉಳಿದಿದ್ದವು. ಒಂದು ರಾತ್ರಿ ತಡವಾಗಿದ್ದರೆ ಅವಳೇ ಉಳಿಯುತ್ತಿರಲಿಲ್ಲವೆಂದು ಡಾಕ್ಟರರು ಹೇಳಿದ್ದರಂತೆ. ಗಂಡ ಅಚ್ಚು ಮಾಡಿದ ಬೆಲ್ಲದ ಸಣ್ಣ ಪೆಂಟಿಯೊಂದನ್ನು ತಂದು ಕಾದಿದ್ದ. ಅವನಿಂದ ಅದನ್ನು ಇಸಿದುಕೊಂಡು, ಎಡಗೈಯ ಜೊತೆ ಬಲಗೈಯ ಉಳಿದೆರಡು ಬೆರಳಿನಿಂದಲೂ ಹಿಡಿದು, ತಾನೇ ಮಾಸ್ತರರ ಮೇಜಿನ ಮೇಲೆ ಇಟ್ಟಳು.

"ಇದನ್ನ ಹಿಡ್ಯಾಕ ಬರ್ತೈತ್ರಿ ಈಗ," ಎಂದಳು. "ಆವತ್ತ ನಾ ಬಾಕಿನ ಮ್ಯಾಲ ಬಿದ್ದಿದ್ದೆ. ಕಣ್ಣ ತೆರ್ಯಾಕ ಆಗಿರ್ಲಿಲ್ಲ. ನಿಮ್ಮ ದನಿ ಕೇಳಸ್ತಿತ್ತು. 'ನನ್ನ ಜವಾಬ್ದಾರಿ' ಅಂದ್ರಲ್ಲ, ಅದನ್ನ ಹಿಡಕೊಂಡ ಮಿರಜ ತನಕ ಹೋದೆ."

ಮಾಸ್ತರರು ನನ್ನತ್ತ ನೋಡಿದರು. ನಾನು ಪಾರ್ಸಲ್ಲಿನ ಹಗ್ಗ ಬಿಗಿಯುವುದರಲ್ಲಿ ಬಹಳ ಮಗ್ನನಾದೆ. ನಿಜ ಹೇಳಿಬಿಡುತ್ತಾರೇನೋ ಎಂದುಕೊಂಡೆ. ಅವರು ಎದ್ದು ನಿಂತು, ಟೋಪಿ ಸರಿಮಾಡಿಕೊಂಡರು. ಕೆಮ್ಮಲಿಲ್ಲ, ಮರಾಠಿ ಹಚ್ಚಲಿಲ್ಲ.

"ಹೌದ್ರಿ ಯವ್ವಾ," ಎಂದರು. "ನನ್ನ ಜವಾಬ್ದಾರಿ."

ಅಂದು ನಾನು ಫೋನಿನಲ್ಲಿ ಹೇಳಿದ ಏರಿಳಿತವೇ ಅದು, ಕೂದಲೆಳೆಯ ಫರಕಿಲ್ಲ. ಇಷ್ಟು ವರ್ಷ ನಾನು ಊರನ್ನೆಲ್ಲ ಅಣಕಿಸಿದ್ದೇನೆ. ನನ್ನನ್ನು ಅಷ್ಟು ಚೆನ್ನಾಗಿ ಮಾಡಿ ತೋರಿಸಿದವರು ಅವರೊಬ್ಬರೇ.