ಬಾಗಿಲ ಈಚೆ ನಿಂತ ಅವ್ವ

ನಾನು ಟಿವಿಯವರ ಹತ್ತಿರ ಕೆಲಸಕ್ಕಿದ್ದೇನೆ ಅಂದರೆ ಇಚಲಕರಂಜಿಯ ನಮ್ಮ ಓಣಿಯವರು ಈಗಲೂ ನಟಿಯರ ಫೋನ್ ನಂಬರ್ ಕೇಳುತ್ತಾರೆ. ನನ್ನ ಕೆಲಸ ಜನರನ್ನು ಹುಡುಕಿ ತರುವುದು. ಕೊಲ್ಲಾಪುರದಲ್ಲಿ ಶೂಟಿಂಗ್ ಆದ ಒಂದು ಮರಾಠಿ ಕಾರ್ಯಕ್ರಮಕ್ಕೆ, ಮತ್ತೆ ಕೂಡಿಸಲೆಂದು, ಮಾತು ಬಿಟ್ಟ ಮನೆಮಂದಿ ಬೇಕಾಗಿದ್ದರು. ಕಾರ್ಯಕ್ರಮ ಮೂಲತಃ ಯುರೋಪಿನದು. ಅಲ್ಲಿನ ಕಂಪನಿ ಮಾರುವುದು ಅದನ್ನು ಮಾಡುವ ರೀತಿಯನ್ನು. ನಡುವೆ ಒಂದು ಬಾಗಿಲು, ಆಚೆ ಈಚೆ ಇಬ್ಬರು, ಅದು ತೆರೆದಾಗ ಯಾವ ವಾದ್ಯ ನುಡಿಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು, ಕ್ಯಾಮೆರಾ ಎಲ್ಲಿರಬೇಕು, ಎಲ್ಲ ಬರೆದುಕೊಟ್ಟಿರುತ್ತಾರೆ. ಕೊಂಡ ದೇಶದವರು ತಮ್ಮ ಜನರನ್ನು ತಂದು ನಿಲ್ಲಿಸಿದರಾಯಿತು. ಅಳು ಮಾತ್ರ ಸ್ಥಳೀಯ ಮಾಲು.

ನಾನು ನನ್ನ ಅವ್ವನನ್ನೂ ಅಕ್ಕನನ್ನೂ ನಿಲ್ಲಿಸಿದೆ.

ಅಪ್ಪ ತೀರಿಕೊಂಡ ದಿನ ಅಕ್ಕ ಗಡಹಿಂಗ್ಲಜದಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಈಗ್ಯಾಕ ಬಂದಿ?" ಅಂದಳು ಅವ್ವ. ದುಃಖದಲ್ಲಿ ಬಂದ ಮಾತು. ಅಕ್ಕ ಹೊಸ್ತಿಲಿನಿಂದಲೇ ತಿರುಗಿ ಹೋದವಳು ಮತ್ತೆ ಬರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ವರ್ಷಗಟ್ಟಲೆ ನಾನು ಅಲ್ಲಿಗೂ ಇಲ್ಲಿಗೂ ಓಡಾಡಿ ಸೋತಿದ್ದೆ. ಟಿವಿಯವರು ಕರೆಯುತ್ತಾರೆ ಅಂದಾಗ ಇಬ್ಬರೂ ಒಪ್ಪಿದರು. ಮೊದಲು ಸೋತವರು ಯಾರು ಎಂಬ ಪ್ರಶ್ನೆ ಅಲ್ಲಿ ಬರುತ್ತಿರಲಿಲ್ಲ.

ನಮ್ಮಲ್ಲಿ ಬಹಳ ದಿನದ ಮೇಲೆ ಬಂದವರನ್ನು ಹಾಗೇ ಮುಟ್ಟುವುದಿಲ್ಲ. ಹೊಸ್ತಿಲಲ್ಲಿ ನಿಲ್ಲಿಸಿ, ರೊಟ್ಟಿ ತುಣುಕು ಮತ್ತು ನೀರು ನಿವಾಳಿಸಿ ಹೊರಗೆ ಚೆಲ್ಲಬೇಕು. ಇಲ್ಲದಿದ್ದರೆ ದಾರಿಯ ಕೆಟ್ಟದ್ದು ಬಂದವರಿಗೇ ಅಂಟಿಕೊಳ್ಳುತ್ತದೆ ಎಂದು ಅವ್ವನ ನಂಬಿಕೆ. ಇದನ್ನು ನಾನು ಮೊದಲೇ ಹೇಳಿ ಅನುಮತಿ ಕೇಳಿದ್ದೆ. ವಿದೇಶಿ ಕಂಪನಿಯ ಮೇಲ್ವಿಚಾರಕಿ ವಿಡಿಯೋ ಕಾಲ್‌ನಲ್ಲಿ ನಕ್ಕು, ತುಂಬ ಚೆಂದದ ಪದ್ಧತಿ, ಆದರೆ ಎಲ್ಲ ದೇಶದಲ್ಲೂ ಬರಿಗೈಲೇ ಬಂದು ಅಪ್ಪಿಕೊಳ್ಳುತ್ತಾರೆ, ಅದನ್ನು ಬದಲಿಸುವಂತಿಲ್ಲ ಅಂದಳು. ಅವ್ವನಿಗೆ ತಿಳಿಸಿದೆ. ತಲೆಯಾಡಿಸಿದಳು, ಮರುದಿನ ಚೀಲದಲ್ಲಿ ರೊಟ್ಟಿ, ತಂಬಿಗೆ ಹಾಕಿಕೊಂಡೇ ಬಂದಳು. ಸೆಟ್ಟಿನವನೊಬ್ಬ "ನಂತರ ದೇತೋ, ಆಜಿ" ಎಂದು ಚೀಲ ಇಸಿದುಕೊಂಡ. ನಂತರ ಕೊಡುತ್ತೇನೆ ಅಂದರೆ ಶೂಟಿಂಗ್ ಮುಗಿದ ಮೇಲೆ ಎಂದು ಅವನ ಅರ್ಥ. ಬಾಗಿಲು ತೆರೆದ ಕೂಡಲೇ ತಂದು ಕೊಡುತ್ತಾನೆ ಎಂದು ಅವ್ವ ತಿಳಿದಳು.

ಬಂಧುಗಳು ಒಳಗೆ ಬರುವಂತಿಲ್ಲ ಎಂದು ನನ್ನನ್ನು ಪಕ್ಕದ ಕೋಣೆಯ ಪರದೆಯ ಮುಂದೆ ಕೂರಿಸಿದ್ದರು. ಬಾಗಿಲು ತೆರೆಯಿತು. ಅಕ್ಕನ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಅವ್ವನ ಮುಖ ಅರಳಿದ್ದನ್ನು ನಾನು ನೋಡಿದೆ, ದೇವರಾಣೆ ನೋಡಿದೆ. ಮರುಗಳಿಗೆ ಅವಳು ಚೀಲಕ್ಕಾಗಿ ಆ ಕಡೆ ಈ ಕಡೆ ತಿರುಗಿದಳು. ಹೆಜ್ಜೆ ಮಾತ್ರ ಇಡಲಿಲ್ಲ. ಅಕ್ಕನೂ ಹೊಸ್ತಿಲು ದಾಟಲಿಲ್ಲ. ಅಪ್ಪಿಕೊಳ್ಳುವ ತನಕ ಮಾತಾಡಕೂಡದು ಎಂಬುದು ಇನ್ನೊಂದು ನಿಯಮ. ನಾನು ಎದ್ದು ಓಡಿದೆ, ಹೊರಗೆ ನಿಂತವರು ಹಿಡಿದರು. ವಾದ್ಯ ಮುಗಿಯಿತು, ಬಾಗಿಲು ಮುಚ್ಚಿತು. ಇಬ್ಬರನ್ನೂ ಬೇರೆ ಬೇರೆ ಗೇಟಿನಿಂದ ಕಳಿಸಿದರು.

ಟಿವಿಯಲ್ಲಿ ಬಂದಾಗ ಅವ್ವ ಕಲ್ಲುಮನಸ್ಸಿನ ತಾಯಿ ಆಗಿದ್ದಳು. ಚೀಲ ಹುಡುಕಿದ್ದನ್ನು ಕತ್ತರಿಸಿ ಪಿಟೀಲು ಹಾಕಿದ್ದರು. ಬೇರೆ ದೇಶಗಳಿಗೆ ಮಾರುವಾಗ ಕಂಪನಿಯವರು ಈಗ ಅದೇ ತುಣುಕು ತೋರಿಸುತ್ತಾರಂತೆ. ಆಫೀಸಿನವರು ಅದನ್ನು ಸಿಹಿಸುದ್ದಿ ಎಂಬಂತೆ ನನಗೆ ಹೇಳಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಗಡಹಿಂಗ್ಲಜಕ್ಕೆ ಹೋಗಿ ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಅವ್ವ ಏನು ಹುಡುಕುತ್ತಿದ್ದಳೆಂದು ಅವಳಿಗೆ ಆಗಲೇ ತಿಳಿದಿತ್ತಂತೆ.

"ಬಾಗಲಾ ಮುಚ್ಚಿದ ಮ್ಯಾಲೂ ನಾ ಅಲ್ಲೇ ನಿಂತಿದ್ದೆ. ಅಕಿ ಒಂದ ಸಲ ಬಡಿದಿದ್ರ ಸಾಕಿತ್ತು," ಅಂದಳು. "ಈಗ ಅಕಿ ನನ್ನ ಬ್ಯಾಡಂದದ್ದನ್ನ ಊರೆಲ್ಲ ನೋಡೇತಿ. ಇನ್ನ ಯಾವ ಮಾರಿ ಹೊತ್ತು ಬರ್ಲಿ?"

ಬರುವುದಿಲ್ಲವಂತೆ ಎಂದು ಅವ್ವನಿಗೆ ಹೇಳಿದೆ. ಅಕ್ಕ ಸೊರಗಿದ್ದಾಳೇನು ಎಂದಷ್ಟೇ ಕೇಳಿದಳು. ಇಲ್ಲ, ಚೆನ್ನಾಗಿದ್ದಾಳೆ ಅಂದೆ. ತನ್ನ ಕೈ ನೋಡಿಕೊಂಡಳು.

"ಅಕಿಗಿ ಬರೂ ಕೆಟ್ಟದ್ದು ನನಗ ಬರ್ಲಿ ಅಂತ, ಮುಟ್ಟಿಬಿಡಬೇಕಿತ್ತು ನಾ," ಅಂದಳು.